ಏಳು ಅಕ್ಷರ ಮತ್ತು ಎಂ.ಎ. ಸೊಸಿ

ಓಣಿಯಾಗ ಒಬ್ಬಾಕಿ ಇಂಗ್ಲಿಷ್ ಎಂ.ಎ. ಅದಾಳ ಅಂತ ಮಂದಿಗೆ ಗೊತ್ತಾತಂದ್ರ ಅಕೀ ಕಥಿ ಮುಗೀತು. ಮರ್ಯಾದಿ ಹೋಗೋ ಪ್ರಸಂಗ ಕರೀದನ ಬಾಗಲಿಗೆ ಬಂದು ನಿಂದರ್ತಾವ.

ನನ್ನ ಓದಿಸಿದವರು ನಮ್ಮ ಅತ್ತಿಯವರು. "ಲಗ್ನ ಆದ ಮ್ಯಾಲ ಎಂಥಾ ಓದು?" ಅಂತ ಬೀಗರೆಲ್ಲಾ ಮೂಗು ಮುರಿದಾಗ, "ಅಕಿ ಓದ್ಲಿ, ರೊಟ್ಟಿ ನಾ ಬಡೀತೇನಿ" ಅಂದವರು. ಅವರಿಗೆ ಇಂಗ್ಲಿಷಿನ ಒಂದಕ್ಷರ ಬರಂಗಿಲ್ಲ. ಇವತ್ತಿಗೂ ಕೇಶ್ವಾಪುರದಾಗ ಕಾಯಿಪಲ್ಲೆ ಮಾರಾಕಿ ಸಿಕ್ರೂ, "ನಮ್ಮ ಸೊಸಿ ಎಂ.ಎ. ಅದಾಳವ್ವಾ, ಅದೂ ಇಂಗ್ಲಿಷಿನಾಗ" ಅಂತ ಹೇಳೇ ಮುಂದ ಹೋಗ್ತಾರ. ನನ್ನ ಮಾನ ಹೋದ್ರ ಹೋಗ್ಲಿ, ಅವರ ತಲಿ ಮಾತ್ರ ತಗ್ಗಬಾರದು ಅನ್ನೋದ ನನಗ ದೊಡ್ಡ ಚಿಂತಿ.

೧. ಅಳತಿ

ನಮ್ಮ ಓಣಿ ಹೆಣ್ಣುಮಕ್ಕಳ ವಾಟ್ಸಾಪ್ ಗುಂಪಿನಾಗ ದಿನಾ ಮುಂಜಾನೆ ಏಳು ಇಂಗ್ಲಿಷ್ ಅಕ್ಷರ ಬರ್ತಾವ. ಅವನ್ನ ಹೊಂದಿಸಿ ಆದಷ್ಟು ಉದ್ದನ್ನ ಶಬ್ದ ಮಾಡಿ ಕಳಿಸಬೇಕು. ಈ ಆಟ ಶುರು ಮಾಡಿದವರು ಎದುರು ಮನಿ ಕಾಕೂ. ಬ್ಯಾಂಕಿನಾಗ ಮ್ಯಾನೇಜರ್ ಆಗಿ ರಿಟೈರ್ ಆದವರು, ಮನಿಯಾಗ ಸುಮ್ನ ಕುಂದ್ರೂದು ಅವರಿಗೆ ಗೊತ್ತಿಲ್ಲ.

ಮೊದಲನೇ ದಿನ ಚಹಾ ಆರಿ ತಣ್ಣಗಾಗೂತನಕಾ ತಲಿ ಕೆರಕೊಂಡು "ರ‍್ಯಾಟ್" ಅಂತ ಕಳಿಸಿದೆ. ರ‍್ಯಾಟ್ ಅಂದ್ರ ಇಲಿ. ಎಂ.ಎ. ಓದಿ ಇಲಿ ಹಿಡದಿದ್ದೆ! ಉಳಿದವರೆಲ್ಲಾ ಉದ್ದುದ್ದನ್ನ ಶಬ್ದ ಕಳಿಸಿದ್ರು.

ಅತ್ತಿಯವರು ಹಿಂದಿಂದ ಬಗ್ಗಿ ಫೋನ್ ನೋಡಿದ್ರು. ನಮ್ಮದು ಅರಿವಿ ಅಂಗಡಿ ಮನಿತನ. ಓದಾಕ ಬರದಿದ್ರೂ ಅಳತಿ ಅವರ ಕಣ್ಣಾಗ ಐತಿ.

"ಅಲ್ಲವಾ, ಎಲ್ಲಾರೂ ಸೀರಿ ಹಾಸ್ಯಾರ, ನಿಂದ್ಯಾಕ ಕರ್ಚೀಫ್ ಆತು?"

೨. ಉಪದೇಶ

ಧಾರವಾಡದಾಗ ನಾ ಕಲಿಸೋ ಕಾಲೇಜಿನಾಗ ಮರುದಿನ ಅದ ಆಟ ಬೋರ್ಡಿನ ಮ್ಯಾಲ ಬರದು, "ಶಬ್ದ ಹುಡುಕ್ರಿ" ಅಂದೆ. ಹುಡುಗೂರು ಹುಡುಕಿದ್ದನ್ನ ಗುಂಪಿಗೆ ಕಳಿಸಿದ್ರಾತು ಅಂತ ನನ್ನ ಲೆಕ್ಕ. ಅವು ಕಣ್ಣು ಮುಚ್ಚಿ ತೆಗಿಯೂದ್ರಾಗ ಬೋರ್ಡ್ ತುಂಬಿಸಿದ್ವು. ನನಗ ಹಿಗ್ಗು ತಡೀಲಿಲ್ಲ, ಓಡಿ ಹೋಗಿ ಪ್ರಿನ್ಸಿಪಾಲರನ್ನ ಕರಕೊಂಡು ಬಂದೆ.

"ಭಾಳ ಛಲೋ! ಹೆಂಗ ಹುಡುಕಿದ್ರಿ?" ಅಂದ್ರು ಅವರು.

ಮುಂದಿನ ಬೆಂಚಿನ ಹುಡುಗಿ ಎದ್ದು ನಿಂತು, "ಫೋನಿನಾಗ ಒಂದು ಆ್ಯಪ್ ಐತ್ರಿ, ಅಕ್ಷರ ಹಾಕಿದ್ರ ಅದ ಎಲ್ಲಾ ಶಬ್ದ ತೋರಸ್ತೈತ್ರಿ ಸರ್" ಅಂತು.

ನನಗ ನಿಂತ ಜಾಗಾ ಸಾಲದಂಗಾತು. ಪ್ರಿನ್ಸಿಪಾಲರ ಮುಂದ ಮುಖ ಉಳಿಸಿಕೊಳ್ಳಾಕ ಜೋರು ದನಿ ತೆಗದೆ. "ನಾಚಿಕಿ ಆಗಂಗಿಲ್ಲೇನ್ರೋ? ದೇವರು ತಲಿ ಯಾಕ ಕೊಟ್ಟಾನ?" ಅವರೂ ಹೂಂಗುಟ್ಟಿ ಹೋದ್ರು.

ತಾಸು ಮುಗದ ಮ್ಯಾಲ ಆ ಹುಡುಗೀನ್ನ ಕಂಬದ ಹಿಂದ ಕರದು ಸಣ್ಣ ದನಿಲೆ ಕೇಳಿದೆ, "ಅದ್ಯಾವುದವಾ, ನನಗೂ ಒಂದೀಟು ಕಳಸು."

"ತಡೀರಿ ಮೇಡಂ, ನಿಮಗಿಂತ ಮುಂಚೆ ಒಬ್ಬರು ಕೇಳ್ಯಾರ್ರಿ. ಮೊದಲ ಪ್ರಿನ್ಸಿಪಾಲ್ ಸರ್‌ಗೆ ಕಳಿಸಿ ಆಮ್ಯಾಲ ನಿಮಗ ಕಳಸ್ತೇನ್ರಿ" ಅಂತು.

೩. ಮೀನು

ಅವತ್ತಿಂದ ನನ್ನ ಶಬ್ದ ಉದ್ದ ಆದ್ವು, ಅತ್ತಿಯವರ ಹೆಜ್ಜಿಗೆ ಗತ್ತು ಬಂತು. ಆದ್ರ ಫೋನ್ ಕೊಡೋದು ಶಬ್ದ, ಅರ್ಥ ಯಾರು ನೋಡ್ತಾರ?

ಶ್ರಾವಣ ಸೋಮವಾರ ಮುಂಜಾನೆ "ಡುರಾ" ಅಂತ ಒಂದು ಸಿಕ್ತು, ಕಳಿಸಿಬಿಟ್ಟೆ. ಎದುರು ಮನಿ ಕಾಕೂ ವಿಭೂತಿ ಹಚಕೊಂಡು, ಪತ್ರಿ ತಾಟು ಹಿಡಕೊಂಡು ಗುಡಿಗೆ ಹೊಂಟಿದ್ರು. ಗೇಟಿನಾಗ ನಿಂತು ಕೇಳಿದ್ರು, "ತಂಗೀ, ಹಂಗಂದ್ರ ಏನ?"

ಬಾಜೂಕ ಅತ್ತಿಯವರು ಎದಿ ಉಬ್ಬಿಸಿ ನಿಂತಿದ್ರು. ಗೊತ್ತಿಲ್ಲ ಅನ್ನಾಕ ಬಾಯಿ ಬರಲಿಲ್ಲ. "ಅದು ಸಮುದ್ರದಾಗಿನ ಒಂದು ಜಾತಿ ಮೀನ್ರಿ" ಅಂದೆ.

"ಶಿವ ಶಿವಾ! ಶ್ರಾವಣ ಸೋಮವಾರ ಬಾಯಾಗ ಮೀನು ತಂದ್ಯಲ್ಲವಾ!" ಅಂತ ಕಾಕೂ ಒಳಗ ತಿರುಗಿ ಹೋಗಿ ಮತ್ತ ಕೈಕಾಲು ತೊಳಕೊಂಡು ಬಂದ್ರು. ಅತ್ತಿಯವರೂ ಕೈಕಾಲು ತೊಳಕೊಳ್ಳಾಕ ಬಚ್ಚಲಕ್ಕ ಹೋದ್ರು.

ಆಮ್ಯಾಲ ಹೆದರಕೋಂತ ಡಿಕ್ಷನರಿ ತೆಗದೆ. ಡುರಾ ಅಂದ್ರ ಜೋಳ. ಮಧ್ಯಾಹ್ನ ಕಾಕೂ ಮನಿಯಿಂದ ರೊಟ್ಟಿ ಬಡಿಯೋ ಸಪ್ಪಳ ಕೇಳಿದಾಗ ಕಿವಿ ಮುಚ್ಚಿಕೊಂಡೆ.

೪. ಉಡಿ

ನಮ್ಮ ಗುಂಪು ತಿಂಗಳಿಗೊಮ್ಮೆ ಒಬ್ಬೊಬ್ಬರ ಮನಿಯಾಗ ಸೇರ್ತೈತಿ. ಮೊನ್ನೆ ಕಾಕೂ ಮನಿ ಪಾಳಿ. ಚುರುಮುರಿ, ಮಿರ್ಚಿ ಆತು. ಅತ್ತಿಯವರು, "ನಮ್ಮ ನಾದಿನಿ ಮಗನ ಲಗ್ನದ ಫೋಟೋ ತೋರಸವಾ" ಅಂದ್ರು. ಎಲ್ಲಾರಿಗೂ ಕಾಣಲಿ ಅಂತ ಕಾಕೂನೇ ನನ್ನ ಫೋನ್ ತಮ್ಮ ಟಿವಿಗೆ ವೈರ್ ಇಲ್ಲದನ ಜೋಡಿಸಿ ಕೊಟ್ರು. ಫೋಟೋ ನೋಡಿ ಮುಗದು ಭಜನಿ ಆತು, ಆಮ್ಯಾಲ ಆಟ.

ಕಾಕೂ ಹಲಗಿ ಮ್ಯಾಲ ಏಳು ಅಕ್ಷರ ಬರದು ಊದಿನಕಡ್ಡಿ ಹಚ್ಚಿದ್ರು. ಅದು ಆರೂದ್ರೊಳಗ ಆದಷ್ಟು ಹೆಚ್ಚು ಶಬ್ದ ಬರೀಬೇಕು. ಗೆದ್ದಾಕಿಗೆ ಉಡಿ ತುಂಬತಾರ. ನನ್ನ ತಲಿಯಾಗ ಒಂದ ಒಂದು ಶಬ್ದ ಇಲ್ಲ. ಅತ್ತಿಯವರು ಎದುರಿಗೆ ಕುಂತು ಕಣ್ಣಾಗ ಧೈರ್ಯ ತುಂಬಾಕತ್ತಿದ್ರು. "ನೀರು ಕುಡದು ಬರ್ತೇನ್ರಿ" ಅಂತ ಅಡಗಿಮನಿಗೆ ಹೋದೆ. ಅಲ್ಲಿ ಸೆರಗಿನ ಮರಿಗೆ ಫೋನ್ ಹಿಡದು ಅಕ್ಷರ ಹಾಕಿ, ಯಾರಿಗೂ ಸಂಶಯ ಬರಬಾರದಂತ ಭಾಳ ಉದ್ದನ್ನವು ಬಿಟ್ಟು ಮಧ್ಯಮ ಗಾತ್ರದವು ಆರಿಸಿ ಬರಕೊಂಡೆ. ಪಡಸಾಲಿಯಾಗ ಒಂದು ಸಪ್ಪಳಿಲ್ಲ. ಪಾಪ, ಎಲ್ಲಾರೂ ವಿಚಾರ ಮಾಡಾಕತ್ತಾರ ಅಂದಕೊಂಡೆ.

ಹೊರಗ ಬಂದು ಒಂದೊಂದ ಓದಿದೆ. ಎಲ್ಲಾರ ಕಣ್ಣು ನನ್ನ ಹಿಂದಿದ್ವು. ತಿರುಗಿ ನೋಡಿದೆ. ಟಿವಿ ತುಂಬ ನನ್ನ ಫೋನು! ಮ್ಯಾಲ ನಾ ಹಾಕಿದ ಏಳು ಅಕ್ಷರ, ಕೆಳಗ ಸಾಲಾಗಿ ಶಬ್ದ.

ಭೂಮಿ ಬಾಯಿ ಬಿಡಬಾರದ ಅನಿಸ್ತು. ಅತ್ತಿಯವರ ಕಡೆ ನೋಡೂ ಧೈರ್ಯ ಇರಲಿಲ್ಲ.

ಆಗ ಚಪ್ಪಾಳಿ ಕೇಳಿಸ್ತು. ಹೊಡದವರು ಅತ್ತಿಯವರು ಒಬ್ಬರ. "ನೋಡ್ರೆವಾ! ಅಕಿ ಅಲ್ಲಿ ಅಡಗಿಮನಿಯಾಗ ನೀರು ಕುಡಕೋಂತ ವಿಚಾರ ಮಾಡಿದ್ದು ಇಲ್ಲಿ ಟಿವಿ ಮ್ಯಾಲ ಬಂತು! ಓದು ಅಂದ್ರ ಹಿಂಗಿರಬೇಕು!"

ಕಾಕೂ ನನ್ನ ನೋಡಿದ್ರು, ಅತ್ತಿಯವರ ಅರಳಿದ ಮುಖ ನೋಡಿದ್ರು. "ಖರೇರಿ, ಭಾಳ ಶಾಣ್ಯಾಕಿ ಅದಾಳ" ಅಂದ್ರು. ಉಳಿದವರೂ ಹೌದ್ಹೌದು ಅಂದ್ರು. ಕಾಕೂ ಕುಂಕುಮ ಹಚ್ಚಿ ತೆಂಗಿನಕಾಯಿ, ಕುಬುಸದ ಖಣ ತಂದ್ರು. ಮುತ್ತೈದಿ ಉಡಿ ಬ್ಯಾಡ ಅನ್ನೂಹಂಗಿಲ್ಲ. ಕಣ್ಣಾಗ ನೀರು ತುಂಬಿ ಸೆರಗು ಒಡ್ಡಿದೆ. ಉಡಿ ತುಂಬಕೋಂತ ಕಾಕೂ ಕಿವಿಯಾಗ, "ಮೊದಲ ಫೋನ್ ಬಂದ್ ಮಾಡ ತಂಗೀ" ಅಂದ್ರು.

ಬಂದ್ ಮಾಡಿದೆ. ಅತ್ತಿಯವರ ಮಾನ ಉಳೀತಲ್ಲ ಅಂತ ಉಸಿರು ಬಿಟ್ಟೆ. ಅಷ್ಟ್ರಾಗ ಅವರು ಎದ್ದು ನಿಂತು ಎಲ್ಲಾರಿಗೂ ಕೈ ಮುಗದ್ರು.

"ಮುಂದಿನ ತಿಂಗಳ ಎಲ್ಲಾರೂ ನಮ್ಮ ಮನಿಗೇ ಬರ್ರಿ. ನಮ್ಮ ಟಿವಿ ಇದಕ್ಕಿಂತ ದೊಡ್ಡದೈತಿ!"