ಸೂಜಿಗಿಂತ ಮೊದಲು ಸಹಿ

ಸನತ್‌ನಗರದ ಒಂದು ಸಣ್ಣ ದವಾಖಾನೆಯಲ್ಲಿ ಲಸಿಕೆ ಹಾಕುವುದು ನನ್ನ ಕೆಲಸವಾಗಿತ್ತು. ದೇವರ ದಯೆಯಿಂದ ಸೂಜಿ ಎಂದೂ ತಪ್ಪಲಿಲ್ಲ. ಎದೆ ಧಸಕ್ಕೆನ್ನಿಸುವ ಪ್ರಸಂಗಗಳೂ ತಪ್ಪಲಿಲ್ಲ. ಸಾಫ್ಟ್‌ವೇರ್ ಕಂಪನಿಗಳು ಬಂದ ಮೇಲೆ ಎಲ್ಲರ ಬಾಯಲ್ಲೂ ಕಾಯ್ದೆಯ ಮಾತು. ಹೆದರಿದ ನಮ್ಮ ಡಾಕ್ಟರು ಒಂದು ಒಪ್ಪಿಗೆ ಪತ್ರ ಬರೆಸಿದರು: ‘ಲಸಿಕೆಯಿಂದ ಏನೇ ಆದರೂ ಡಾಕ್ಟರಾಗಲಿ, ಸೂಜಿ ಚುಚ್ಚಿದವರಾಗಲಿ ಹೊಣೆಯಲ್ಲ.’ ಅದನ್ನು ಓದಿ ಹೇಳಿ, ಸಹಿ ಮಾಡಿಸಿಯೇ ಚುಚ್ಚಬೇಕೆಂದು ನನಗೆ ಅಪ್ಪಣೆ.

೧. ಪಾರಾಯಣ

ಮೊದಲ ದಿನ ಕಲಬುರಗಿ ಕಡೆಯ ಅಜ್ಜಿಯೊಬ್ಬರು ಮೊಮ್ಮಗಳನ್ನು ಕರೆತಂದರು. ನನಗೋ ಓದುವುದೆಂದರೆ ಪುರಾಣದ ಧಾಟಿಯೊಂದೇ ಗೊತ್ತು. ಜ್ವರ, ಬಾವು, ತಲೆಸುತ್ತು, ಮೂರ್ಛೆ, ಕಡೆಗೆ ಮರಣ ಎಂದು ನಿಧಾನವಾಗಿ, ರಾಗವಾಗಿ ಓದಿದೆ. ಅಜ್ಜಿ ತಲೆ ಮೇಲೆ ಸೆರಗು ಹೊದ್ದು, ಕೈಮುಗಿದು ಕೇಳಿದರು. ಮುಗಿದ ಮೇಲೆ ಗಾಬರಿಯಿಂದ ಕಣ್ಣರಳಿಸಿದರು.

‘ಬರೇ ಕೆಟ್ಟದ್ದೇ ಓದಿದ್ಯಲ್ಲೋ ಯಪ್ಪಾ! ಫಲಶ್ರುತಿ ಎಲ್ಲೈತಿ?’

೨. ಅಭಿಷೇಕ

‘ಈ ಕಾಗದಗಳೇ ನಮ್ಮ ಕವಚ, ಹುಷಾರಿಲೆ ಇಡ್ರಿ’ ಎಂದಿದ್ದರು ಡಾಕ್ಟರು. ದವಾಖಾನೆಯ ಗೂಡಿನಲ್ಲಿದ್ದ ಹನುಮಪ್ಪನ ಪಾದದಡಿ ಇಟ್ಟೆ. ಕಾಯ್ದೆ ಕೈಬಿಟ್ಟರೂ ಅವನು ಬಿಡಲಾರ. ಬಾಲ್‌ಪೆನ್ನಿನಿಂದ ಅಕ್ಷರ ಕೆಡುತ್ತದೆಂದು ನಮ್ಮೂರ ಮಾಸ್ತರರು ಕಲಿಸಿದ್ದರಿಂದ ಎಲ್ಲರ ಸಹಿಯೂ ಶಾಯಿ ಪೆನ್ನಿನಲ್ಲೇ.

ಒಂದು ದಿನ ನನ್ನ ಹೆಸರಿಗೆ ವಕೀಲರ ನೋಟೀಸು ಬಂತು. ಕಾಮಾಲೆ ಲಸಿಕೆಯಿಂದ ಸಾಫ್ಟ್‌ವೇರ್ ತರುಣನೊಬ್ಬನ ತೋಳು ಬಾತಿದೆ, ಪರಿಹಾರ ಕೊಡಿ, ಇಲ್ಲವೇ ಕೋರ್ಟಿಗೆ ಬನ್ನಿ! ನಮ್ಮ ಮನೆತನದಲ್ಲಿ ಕೋರ್ಟಿನ ಮೆಟ್ಟಿಲು ಹತ್ತಿದವರಿಲ್ಲ. ನೋಟೀಸು ಹಿಡಿದು ಡಾಕ್ಟರ ಬಳಿ ಓಡಿದೆ.

‘ಅಂವನ ಸಹಿ ತೆಗೀರಿ, ಬಚಾವ್’ ಎಂದರು ಡಾಕ್ಟರು.

ತೆಗೆದೆ. ಶನಿವಾರ ಶನಿವಾರ ಹನುಮಪ್ಪನಿಗೆ ನಾನು ಮಾಡಿದ ಅಭಿಷೇಕದ ನೀರಿಳಿದು ಸಹಿಗಳೆಲ್ಲ ನೀಲಿ ಕಲೆಗಳಾಗಿದ್ದವು. ಡಾಕ್ಟರು ಒಂದೊಂದನ್ನೇ ಬೆಳಕಿಗೆ ಹಿಡಿದು ನೋಡಿದರು. ಆಮೇಲೆ ಕೇಳಿದರು:

‘ಈಗ ಹನುಮಪ್ಪನ್ನ ಸಾಕ್ಷಿಗೆ ಕರಸ್ತೀರೇನ್ರಿ?’

೩. ಎರಡನೇ ಡೋಸ್

ನಾಲ್ಕು ದಿನ ಅನ್ನ ಸೇರಲಿಲ್ಲ. ಐದನೇ ದಿನ ಅದೇ ತರುಣ ನಗುತ್ತ ಒಳಗೆ ಬಂದು, ಅಂಗಿಯ ತೋಳು ಮಡಚಿ ಕುಳಿತ.

‘ಎರಡನೇ ಡೋಸ್, ಕಾಕಾ.’

‘ನನ್ನ ಮ್ಯಾಲೆ ನೋಟೀಸು ಕಳಿಸೀಯಲ್ಲಪ್ಪಾ!’

‘ಅದಾ? ನಮ್ಮ ಭಾವ ಹೊಸದಾಗಿ ವಕೀಲಿಕಿ ಶುರು ಮಾಡ್ಯಾರ್ರಿ. ಒಂದೂ ಕೇಸು ಬರವಲ್ದು. ಅಕ್ಕ ಅಳಾಕತ್ತಿದ್ಲು. ನನ್ನ ತೋಳು ಬಾತಿತ್ತು, ಅದನ್ನೇ ಕೇಸಿಗೆ ಕೊಟ್ಟೆ. ಬಾವು ಎರಡೇ ದಿನಕ್ಕ ಇಳೀತ್ರಿ. ನೋಟೀಸು ವಾಪಸ್ ತೊಗೊಂಡೀವಿ, ಈ ಕಾಗದ ನೋಡ್ರಿ. ನಿಮ್ಮ ಕೈಗುಣ ಭಾಳ ಛಲೋ, ನೀವೇ ಚುಚ್ಚಬೇಕು.’

ಕಾಗದವನ್ನು ಕಣ್ಣಿಗೊತ್ತಿಕೊಂಡೆ. ಔಷಧ ತುಂಬಿ, ಅವನ ತೋಳು ಒರೆಸಿ, ಸುಮ್ಮನೆ ಮಾತಿಗೆಂದು ಕೇಳಿದೆ:

‘ಭಾವಗ ಈಗ ಬ್ಯಾರೆ ಕೇಸು ಸಿಕ್ಕಾವೇನಪ್ಪಾ?’

‘ಇನ್ನೂ ಇಲ್ರಿ, ಕಾಕಾ.’

ಸೂಜಿ ಕೆಳಗಿಟ್ಟು ಒಳಕೋಣೆಯ ಡಾಕ್ಟರಿಗೆ ಕೇಳುವಂತೆ ಕೂಗಿದೆ:

‘ಸಾಹೇಬ್ರ, ಇವಂಗ ನೀವೇ ಚುಚ್ಚಿರಿ!’