ಉಸಿರು ಹಿಡಿದ ಬೀದಿ

ಲೋಕದಲ್ಲಿ ಎಷ್ಟೋ ಸಾಮ್ರಾಜ್ಯಗಳು ಎದ್ದು ಬಿದ್ದಿರಬಹುದು. ನಕಾಶೆ ಕಚೇರಿಯ ಗುಮಾಸ್ತನಿಗೆ ಮಾತ್ರ ಆ ಬೆಳಿಗ್ಗೆ ಅವೆಲ್ಲಕ್ಕಿಂತ ಗಹನವಾದ ಪ್ರಶ್ನೆಯೊಂದು ಎದುರಾಗಿತ್ತು: ತನ್ನ ಬೀದಿಗೆ ಯಾವ ಬಣ್ಣ?

ಊರನ್ನೆಲ್ಲ ವಲಯಗಳಾಗಿ ವಿಂಗಡಿಸಿ ಬಣ್ಣ ಬಳಿದಾಗಿತ್ತು. ಉಳಿದಿದ್ದು ಅದೊಂದೇ ಬೀದಿ. ಶಾಂತ ವಲಯವೆಂದಾದರೆ ಹಸಿರು ಬಣ್ಣ, ಅಲ್ಲಿಗೆ ಉದ್ಯಾನ. ಗದ್ದಲದ ವಲಯವೆಂದಾದರೆ ಕೆಂಪು, ಅಲ್ಲಿಗೆ ಲಾರಿ ನಿಲ್ದಾಣ. ಮಧ್ಯಾಹ್ನ ಕಚೇರಿಯ ನಿರ್ದೇಶಕರು ಖುದ್ದಾಗಿ ನೋಡಲು ಬರುವವರಿದ್ದರು.

ಬೀದಿಯ ಒಂದು ತುದಿಗೆ ತಗಡು ಬಡಿಯುವವನು, ಇನ್ನೊಂದು ತುದಿಗೆ ತುತ್ತೂರಿ ಊದುವವನು. ನಡುವೆ, ಎರಡೂ ತುದಿಗೆ ದನಿ ಮುಟ್ಟಿಸಬಲ್ಲ ಎದುರುಮನೆ ಅಜ್ಜಿ.

"ಲಾರಿ ಬಂದ್ರೆ ನನ್ನ ತುತ್ತೂರಿ ಯಾರು ಕೇಳ್ತಾರೆ?" ಎಂದ ಊದುವವನು.

"ಈಗ ಯಾರು ಕೇಳ್ತಿದ್ದಾರೆ?" ಎಂದ ಬಡಿಯುವವನು.

ಗುಮಾಸ್ತ ಕೈಮುಗಿದ. "ಸಾಹೇಬ್ರು ಬಂದು ಹೋಗೋವರೆಗೂ ಬಾಗಿಲು ಹಾಕ್ಕೊಂಡು ಸುಮ್ನಿರಿ. ಪರೀಕ್ಷೆಗೆ ಅಂತ ನನ್ನ ಕೈಲೇ ಕೂಗಿಸಿದ್ರೂ ಕೂಗಿಸ್ತಾರೆ. ನಾನೇ ಕರೆದ್ರೂ ಯಾರೂ ಬರಬೇಡಿ."

"ನೀನು ಕರೆದಾಗ ಯಾವತ್ತು ಬಂದಿದೀವಿ ಮಗಾ?" ಎಂದಳು ಅಜ್ಜಿ.

ಮಧ್ಯಾಹ್ನ ನಿರ್ದೇಶಕರ ಜೊತೆ ಬೀದಿಗೆ ಕಾಲಿಟ್ಟ ಗುಮಾಸ್ತ ಬೆರಗಾಗಿ ನಿಂತುಬಿಟ್ಟ. ನಲ್ಲಿಯ ಹನಿ ಬಕೆಟ್ಟಿಗೆ ಬೀಳುವ ಸದ್ದು ಕೇಳುತ್ತಿತ್ತು. ಇಷ್ಟು ವರ್ಷ ಇಲ್ಲೇ ಬಾಳಿದ್ದರೂ ಈ ಬೀದಿಯಲ್ಲಿ ಗುಬ್ಬಚ್ಚಿಗಳಿವೆಯೆಂದು ಅವನಿಗೆ ತಿಳಿದಿರಲಿಲ್ಲ. ಗುಬ್ಬಚ್ಚಿಗಳಿಗೂ ತಮ್ಮ ದನಿ ಹೊಸದೆನಿಸಿರಬೇಕು, ಒಂದೊಂದು ಸಲ ಚಿಲಿಗುಟ್ಟಿ ತಾವೇ ಕತ್ತು ಹೊರಳಿಸಿ ನೋಡುತ್ತಿದ್ದವು.

ನಿರ್ದೇಶಕರು ತುದಿಗಾಲಲ್ಲಿ ನಡೆದರು. ಕನ್ನಡಕ ತೆಗೆದು ಒರೆಸಿಕೊಂಡರು. "ಅದ್ಭುತ ಕಣ್ರೀ," ಎಂದು ಪಿಸುಗುಟ್ಟಿದರು. "ಊರ ನಡುವೆ ಇಂಥದೊಂದು ಜಾಗ."

"ಹಸಿರು ಬಳೀಲಾ ಸಾರ್?"

"ಹಸಿರು ಯಾಕೆ? ಇದು ಶಾಂತ ವಲಯ ಅಲ್ಲ, ಖಾಲಿ ವಲಯ. ಒಂದು ನರಪಿಳ್ಳೇನೂ ಇಲ್ಲ. ಲಾರಿ ನಿಲ್ದಾಣ ಗದ್ದಲದ ಬೀದೀಲಿ ಮಾಡಿದ್ರೆ ಅಲ್ಲಿನ ಜನಕ್ಕೆ ತೊಂದರೆ ಅಂತ ನಂಗೆ ರಾತ್ರಿ ನಿದ್ದೆ ಇರ್ಲಿಲ್ಲ. ಇಲ್ಲಾದ್ರೆ ತೊಂದರೆಪಡೋಕೆ ಯಾರಿದ್ದಾರೆ?"

"ಜನ ಇದ್ದಾರೆ ಸಾರ್! ನಾನೇ ಇಲ್ಲಿದೀನಿ!"

"ನೀವು ನನ್ನ ಜೊತೆ ಬಂದೋರು."

ಗುಮಾಸ್ತ ತುತ್ತೂರಿಯವನ ಬಾಗಿಲು ಬಡಿದ. ತಗಡಿನವನನ್ನು ಹೆಸರು ಹಿಡಿದು ಕೂಗಿದ. ಅಜ್ಜಿಯ ಕಿಟಕಿಯ ಪರದೆ ಒಂದಿಷ್ಟು ಅಲುಗಿತು. ಸಂದಿಯಲ್ಲಿ ಒಂದು ಕಣ್ಣು ಕಂಡಿತು, ಭೇಷ್ ಎನ್ನುವಂತೆ ಮಿಟುಕಿತು, ಮರೆಯಾಯಿತು.

ಕೊನೆಗೆ ತನ್ನ ಮನೆಯ ಬಾಗಿಲನ್ನೇ ಗುದ್ದಿದ. "ಲೇ, ನಾನು ಕಣೇ!"

ಒಳಗೆ ಹೆಂಡತಿ ಉಸಿರು ಬಿಗಿಹಿಡಿದು ನಿಂತಿದ್ದಳು. ಮದುವೆಯಾದಂದಿನಿಂದ ಅವಳು ಅವನ ಮಾತು ಕೇಳಿದ್ದು ಅದೇ ಮೊದಲು.

ಲಾರಿ ನಿಲ್ದಾಣ ಬಂತು. ಅದರ ಗೇಟು ಗುಮಾಸ್ತನ ಮನೆಯ ಪಕ್ಕದಲ್ಲೇ ಇದೆ.