ಖಾಲಿ ಪಟ್ಟಿಯೂ ಪಟ್ಟಿಯೇ

ನಗಬಾರದ ಹೊತ್ತಿನಲ್ಲೇ ನಗು ಬರಿಸುವಂಥದ್ದು ನಮ್ಮ ಆಫೀಸಿನಲ್ಲಿ ಒಂದಲ್ಲ ಒಂದು ನಡೆಯುತ್ತಲೇ ಇರುತ್ತದೆ. ಹೆಬ್ಬಾಳದ ಸರ್ವಿಸ್ ರಸ್ತೆಯಲ್ಲಿರುವ ನಮ್ಮ ಕಂಪನಿ ತಯಾರಿಸುವುದು ಡೇಟಾಬೇಸ್. ಅದಕ್ಕೆ ಕೊಟ್ಟ ಆದೇಶವನ್ನು ಓದಿ, ಬಿಡಿಸಿ, ಅರ್ಥ ಮಾಡಿಕೊಳ್ಳುವ ಭಾಗವೇ ಪಾರ್ಸರ್. ಅದನ್ನು ನೋಡಿಕೊಳ್ಳುವವರು ಮೂವರು: ನಾನು, ಎಲ್ಲರೂ ಭಾಯ್ ಅನ್ನುವ ಆರ್.ಟಿ. ನಗರದ ಹಿರಿಯರು, ಹೊಸದಾಗಿ ಸೇರಿದ ಹುಡುಗಿ. ನಮ್ಮ ಟೀಮನ್ನೇ ಮುಚ್ಚುತ್ತಾರೆ ಎಂಬ ಸುದ್ದಿ ಹಬ್ಬಿ ಮೂವರ ನಿದ್ದೆಯೂ ಹಾರಿಹೋಗಿತ್ತು.

ಮೈನಸ್ ಐದು

ಒಂದು ದಿನ ಮ್ಯಾನೇಜರ್ ನನ್ನ ಕೋಡ್ ಇಣುಕಿ ನೋಡಿದರು.

"ಮೈನಸ್ ಐದನ್ನ ಎರಡು ತುಂಡು ಮಾಡಿದೀರಲ್ರೀ?"

"ಪಾರ್ಸರ್‌ಗೆ ಮೈನಸ್ ಬೇರೆ, ಐದು ಬೇರೆ ಸರ್. ಆಮೇಲೆ ಸೇರಿಸಿ ಒಂದೇ ಮಾಡ್ತೀವಿ."

ಅವರು ನಮ್ಮ ಮೂರು ಕುರ್ಚಿಗಳನ್ನೂ ನೋಡಿದರು. "ಸೇರಿಸಿ ಒಂದ್ ಮಾಡ್ಬಹುದು ಅಂತ ನಿಮಗೂ ಗೊತ್ತಿದೆ. ಒಳ್ಳೇದಾಯ್ತು," ಅಂದರು.

ಇನ್ನು ಯಾರಿಗೂ ಏನನ್ನೂ ವಿವರಿಸಬಾರದು ಅಂತ ಆವತ್ತೇ ತೀರ್ಮಾನಿಸಿದೆ.

ತಲೆಕೆಳಗಾದ ಊಟ

ಪಟ್ಟಿ ಕಟ್ಟುವಾಗ ನಮ್ಮ ಪಾರ್ಸರ್ ಪ್ರತಿ ಹೊಸ ಹೆಸರನ್ನೂ ಮುಂದುಗಡೆಯೇ ಸೇರಿಸುತ್ತದೆ; ಕೊನೆಗೊಮ್ಮೆ ಇಡೀ ಪಟ್ಟಿಯನ್ನು ತಿರುಗಿಸಬೇಕು. ಹುಡುಗಿ ತಿರುಗಿಸುವುದನ್ನು ಮರೆತಳು. ಆಫೀಸಿನ ಕ್ಯಾಂಟೀನ್ ಆರ್ಡರ್‌ಗಳು ಹೋಗುವುದೂ ಇದೇ ಡೇಟಾಬೇಸ್‌ಗೆ. ಮೊದಲು ಹೇಳಿದವರೆಲ್ಲ ಕಾಯುತ್ತಾ ಕೂತರು, ಕೊನೆಗೆ ಹೇಳಿದ ನಮಗೆ ಬಿಸಿಬಿಸಿ ಪೂರಿ ಬಂತು. ಹುಡುಗಿ ಅಳುವ ಹಾಗಾದಳು.

"ಈಗ್ಲೇ ಹೋಗಿ ಸರಿ ಮಾಡ್ತೀನಿ ಭಾಯ್."

"ಕೂತ್ಕೊಳಮ್ಮಾ. ಕೆಲಸ ಹೋಗೋದು ಹೆಂಗಿದ್ರೂ ಹೋಗುತ್ತೆ. ಪೂರಿ ಯಾಕೆ ಆರ್ಬೇಕು?"

ಕೆಂಪು ದೀಪ

ಒಂದು ಬೆಳಿಗ್ಗೆ ಯಾರ ಕಾರ್ಡಿಗೂ ಗೇಟು ತೆರೆಯಲಿಲ್ಲ. ಮ್ಯಾನೇಜರ್ ಸಮೇತ ಇಡೀ ಕಂಪನಿ ರಸ್ತೆಯಲ್ಲಿ ಧೂಳು ಕುಡಿಯುತ್ತಾ ನಿಂತಿತ್ತು.

ಎಚ್.ಆರ್. ಮೇಡಂ ಮೆಲ್ಲಗೆ ಬಾಯಿಬಿಟ್ಟರು. "ಕಾರ್ಡ್ ನಿಲ್ಸೋ ಆದೇಶನ ಸುಮ್ನೆ ಒಂದ್ಸಲ ಓಡಿಸಿ ನೋಡ್ದೆ ಸರ್. ಪಟ್ಟಿ ಖಾಲಿನೇ ಇತ್ತು. ಹೆಸರುಗಳನ್ನ ಇನ್ನೂ ಹಾಕಿರ್ಲಿಲ್ಲ."

"ಯಾರ ಹೆಸರು ಮೇಡಂ?" ಅಂತ ಕೇಳಿದೆ. ಮೇಡಂ ಫೋನ್ ಕಿವಿಗಿಟ್ಟುಕೊಂಡು ಪಕ್ಕಕ್ಕೆ ಸರಿದರು.

ಗೇಟಿನ ಕಾರ್ಡುಗಳ ಲೆಕ್ಕವೂ ನಮ್ಮ ಡೇಟಾಬೇಸಿನಲ್ಲೇ ಇರುವುದು; ತಪ್ಪು ನಮ್ಮ ಪಾರ್ಸರಿನದೇ. ಖಾಲಿ ಪಟ್ಟಿಗೂ ಪಟ್ಟಿಯೇ ಇಲ್ಲದ್ದಕ್ಕೂ ಅದರಲ್ಲಿ ಒಂದೇ ಗುರುತು. ಹಾಗಾಗಿ 'ಇಂಥವರ ಕಾರ್ಡ್ ನಿಲ್ಲಿಸು' ಅನ್ನುವುದು ಬರೀ 'ಕಾರ್ಡ್ ನಿಲ್ಲಿಸು' ಎಂದಾಗಿ, ಎಲ್ಲರ ಕಾರ್ಡೂ ನಿಂತುಬಿಟ್ಟಿತ್ತು. ಸೆಕ್ಯುರಿಟಿಯವರು ನಮ್ಮ ಮೂವರನ್ನು ಹಿಂಬಾಗಿಲಿಂದ ಒಳಗೆ ಬಿಟ್ಟರು. ಮಧ್ಯಾಹ್ನದೊಳಗೆ ಎರಡಕ್ಕೂ ಬೇರೆ ಬೇರೆ ಗುರುತು ಕೊಟ್ಟು ಸರಿಪಡಿಸಿದೆವು. ಮ್ಯಾನೇಜರ್ ಬಂದು ಭಾಯ್ ಬೆನ್ನು ತಟ್ಟಿ, "ನೀವಿಲ್ದಿದ್ರೆ ನಮ್ ಗತಿ ಏನ್ರೀ!" ಅಂದರು. ಉಳಿದುಕೊಂಡೆವು ಅಂದುಕೊಂಡು ಸಂತೋಷಪಟ್ಟೆ.

ಸೋಮವಾರ ಬೆಳಿಗ್ಗೆ ಎಲ್ಲರೂ ಕಾರ್ಡ್ ತೋರಿಸಿ ಸಲೀಸಾಗಿ ಒಳಗೆ ಹೋದರು. ನಮ್ಮ ಮೂವರಿಗೆ ಮಾತ್ರ ಕೆಂಪು ದೀಪ.

"ಯಾಕ್ ಸಾರ್, ಮತ್ತೆ ಕೆಟ್ಟೋಯ್ತಾ?" ಅಂದರು ಸೆಕ್ಯುರಿಟಿಯವರು.

ಭಾಯ್ ಕಾರ್ಡನ್ನು ಕೊರಳಿಂದ ತೆಗೆದು ಅವರ ಕೈಗಿಟ್ಟರು.

"ಇಲ್ಲಪ್ಪಾ. ಈಗ ಸರಿಯಾಗಿ ಕೆಲಸ ಮಾಡ್ತಿದೆ."